ಎರಡನೇ ಎಚ್ಚರಿಕೆ

ಸಂಚಿತಾ ಕ್ಯಾಂಟೀನಿನಲ್ಲಿ ಊಟಕ್ಕೆ ಕೂತಿದ್ದಾಗ ಅವಳ ಫೋನಿನ ನಕ್ಷೆಯಲ್ಲಿ ಕುಲಶೇಖರದ ಗುಡ್ಡದ ಗುರುತು ಹಳದಿಯಿಂದ ಕೆಂಪಿಗೆ ತಿರುಗಿತು. ತುತ್ತು ಬಾಯಿಗೆ ಹೋಗಲಿಲ್ಲ. ಹೊರಗೆ ಜುಲೈ ತಿಂಗಳ ಮಳೆ ನಾಲ್ಕು ದಿನದಿಂದ ಒಂದೇ ಸಮನೆ ಸುರಿಯುತ್ತಿತ್ತು. ನಗರದ ಸುತ್ತ ಅವಳ ತಂಡದವರು ಯಂತ್ರ ಹೂತಿಟ್ಟ ಗುಡ್ಡಗಳಲ್ಲಿ ಹೆಚ್ಚಿನವು ಹಳದಿಯಲ್ಲಿದ್ದವು. ಕೆಂಪಾದದ್ದು ಇದೊಂದೇ.

ಆ ಗುಡ್ಡದ ನೆತ್ತಿ ಅವಳ ತಂದೆ ತಾರಾನಾಥರದ್ದು. ಅಜ್ಜನ ಕಾಲದಲ್ಲಿ ಅಲ್ಲಿ ಗೇರು, ಕಾಟುಮಾವು, ಮುಳ್ಳುಪೊದೆಗಳು ತುಂಬಿದ್ದವು. ಎರಡು ವರ್ಷದ ಹಿಂದೆ ತಾರಾನಾಥರು ಪೇಟೆಯಲ್ಲಿದ್ದ ತಮ್ಮ ಹೋಟೆಲಿಗೆ ಪೂರಕವಾಗಿ ಒಂದು ಮದುವೆ ಹಾಲ್ ಕಟ್ಟಿಸಲು ಮರಗಳನ್ನೆಲ್ಲ ಕಡಿಸಿ, ಜೆಸಿಬಿ ತರಿಸಿ ನೆತ್ತಿಯನ್ನು ಸಮತಟ್ಟು ಮಾಡಿಸಿದ್ದರು. ಗುಡ್ಡದ ಬುಡದಲ್ಲಿ, ಕಡಿದಾದ ಕೆಂಪು ಗೋಡೆಯಂಥ ಇಳಿಜಾರಿಗೆ ಬೆನ್ನು ಕೊಟ್ಟುಕೊಂಡು, ಸಾಲಾಗಿ ನಾಲ್ಕು ಮನೆಗಳಿದ್ದವು. ಕೊನೆಯ ಮನೆ ಜಯಣ್ಣ ಮತ್ತು ಅವರ ಹೆಂಡತಿ ದೇಯಕ್ಕನದು.

ಆರು ವರ್ಷ ಸಂಚಿತಾ ಮಾಡಿದ್ದು ಓದುವ ಕೆಲಸ. ಬದಲಾಗುತ್ತಿರುವ ಹವೆಗೆ ಊರುಗಳು ಹೇಗೆ ಹೊಂದಿಕೊಳ್ಳಬೇಕು, ಕಾಡು, ಕಡಲಂಚಿನ ಕಾಂಡ್ಲಾ ಪೊದೆ, ಗುಡ್ಡಗಳನ್ನು ಹೇಗೆ ಉಳಿಸಿಕೊಳ್ಳಬೇಕು ಎಂಬ ಬಗ್ಗೆ ಜಗತ್ತಿನ ಸಂಶೋಧಕರು ಏನು ಬರೆಯುತ್ತಿದ್ದಾರೆ, ಯಾವ ಕಡೆ ವಾಲುತ್ತಿದ್ದಾರೆ ಎಂದು ಲೆಕ್ಕ ಹಾಕುವುದೇ ಅವಳ ಪಿಎಚ್‌ಡಿಯ ವಿಷಯವಾಗಿತ್ತು. ಉಪಗ್ರಹದ ಚಿತ್ರ, ಮಳೆಯ ಅಂಕಿ, ಕಂಪ್ಯೂಟರ್ ಮಾದರಿ ಇವುಗಳ ಮೇಲೆ ಪ್ರಬಂಧಗಳು ವರ್ಷ ವರ್ಷಕ್ಕೂ ರಾಶಿ ಬೀಳುತ್ತಿದ್ದವು. ಎಚ್ಚರಿಕೆ ಸುಳ್ಳಾದ ಮೇಲೆ ಗುಡ್ಡದ ಕೆಳಗಿನ ಮನೆಗಳ ಜನ ಏನು ಮಾಡುತ್ತಾರೆ ಎಂದು ಹೋಗಿ ಕೇಳಿದವರು ಬೆರಳೆಣಿಕೆಯಷ್ಟು ಮಾತ್ರ. ಇದನ್ನು ಅವಳು ಕೊನೆಯ ಅಧ್ಯಾಯದಲ್ಲಿ ಬರೆದಾಗ ಪರೀಕ್ಷಕರು ಮೆಚ್ಚಿದ್ದರು. ಆ ಮೆಚ್ಚುಗೆಯ ಬಲದ ಮೇಲೆಯೇ ಪ್ರೊಫೆಸರ್ ಗ್ಲ್ಯಾಡಿಸ್ ಅವಳನ್ನು ತಮ್ಮ ಗುಡ್ಡ ಜರಿತದ ಮುನ್ನೆಚ್ಚರಿಕೆ ಯೋಜನೆಗೆ ಸೇರಿಸಿಕೊಂಡಿದ್ದರು. ಇಳಿಜಾರುಗಳಲ್ಲಿ ಎರಡು ಬಗೆಯ ಯಂತ್ರಗಳನ್ನು ನೆಟ್ಟರು. ಮಣ್ಣಿನೊಳಗೆ ಎಷ್ಟು ನೀರು ಒತ್ತುತ್ತಿದೆ ಎಂದು ಒಂದು ಹೇಳುತ್ತದೆ, ಇಳಿಜಾರು ಎಷ್ಟು ವಾಲಿದೆ ಎಂದು ಇನ್ನೊಂದು.

ಮೊದಲನೇ ಎಚ್ಚರಿಕೆ ಜೂನ್ ತಿಂಗಳಲ್ಲಿ ಹೋಗಿತ್ತು. ಒಂದೇ ರಾತ್ರಿ ವಿಪರೀತ ಮಳೆ ಬಂದು ನೀರಿನ ಯಂತ್ರ ಮಿತಿ ದಾಟಿತ್ತು. ಸಂಚಿತಾ ಅಧಿಕಾರಿಗಳ ಜೊತೆ ಬಂದು, ಗುಡ್ಡ ಜರಿಯುವುದು ಖಂಡಿತ ಎಂಬ ಧಾಟಿಯಲ್ಲಿ ಮಾತಾಡಿ, ನಾಲ್ಕೂ ಮನೆಯವರನ್ನು ಹತ್ತಿರದ ಶಾಲೆಗೆ ಕಳಿಸಿದ್ದಳು. ದೇಯಕ್ಕನ ಸೊಸೆ ಮೋಕ್ಷಾ ಆಗ ಎಂಟು ತಿಂಗಳ ಗರ್ಭಿಣಿ. ಗಂಡ ಶೈಲೇಶ್ ಮಸ್ಕತ್‌ನಲ್ಲಿದ್ದ. ಶಾಲೆಯ ಬಚ್ಚಲಿನ ಪಾಚಿಯ ಮೇಲೆ ಕಾಲು ಜಾರಿ ಬಿದ್ದ ಮೋಕ್ಷಾಳನ್ನು ಆಸ್ಪತ್ರೆಗೆ ಒಯ್ಯಬೇಕಾಯಿತು. ಮಗು ತಿಂಗಳು ತುಂಬುವ ಮೊದಲೇ ಹುಟ್ಟಿತು. ಅಂಗೈಯಷ್ಟಿದ್ದ ಹೆಣ್ಣು ಕೂಸು ಗಾಜಿನ ಪೆಟ್ಟಿಗೆಯಲ್ಲಿ ಬದುಕಿಗೂ ಸಾವಿಗೂ ಮಧ್ಯೆ ತೂಗಾಡಿ, ಕೊನೆಗೆ ಉಳಿಯಿತು. ಗುಡ್ಡದಿಂದ ಮಾತ್ರ ಒಂದು ಹಿಡಿ ಮಣ್ಣೂ ಬೀಳಲಿಲ್ಲ.

ಸಂಚಿತಾ ಆಸ್ಪತ್ರೆಗೆ ಹೋದಾಗ ದೇಯಕ್ಕ ಅವಳನ್ನು ಬೈಯಲಿಲ್ಲ. ಬೆಂಚಿನ ಮೇಲೆ ಸ್ವಲ್ಪ ಸರಿದು ಜಾಗ ಕೊಟ್ಟು, ಬೇರೆ ಕಡೆ ನೋಡುತ್ತ ಕೂತಿದ್ದರು. ಅಂದಿನಿಂದ ಆ ನಾಲ್ಕು ಮನೆಗಳ ಹಾದಿ ತುಳಿಯಲು ಅವಳಿಗೆ ಕಾಲೇ ಬಂದಿರಲಿಲ್ಲ.

ಈಗ ಮತ್ತೆ ಕೆಂಪು.

ಅವಳು ದೆಹಲಿಯ ಸಭೆಯಲ್ಲಿದ್ದ ಪ್ರೊಫೆಸರರಿಗೆ ಫೋನ್ ಮಾಡಿದಳು. ಅವರು ಹೊರಗೆ ಬಂದು ತಗ್ಗಿದ ದನಿಯಲ್ಲಿ, ವಾಲಿಕೆಯ ಯಂತ್ರ ಏನು ಹೇಳುತ್ತಿದೆ ಎಂದು ಕೇಳಿದರು. ಅದು ಬೆಳಿಗ್ಗೆಯಿಂದ ಏನನ್ನೂ ಕಳಿಸುತ್ತಿಲ್ಲ ಎಂದಳು. ಹಾಗಾದರೆ ಇನ್ನೂ ಎಚ್ಚರಿಕೆ ಕೊಡಬೇಡ, ಜೂನಿನಲ್ಲಿ ಆದದ್ದು ಮತ್ತೊಮ್ಮೆ ಆದರೆ ಈ ಊರಿನಲ್ಲಿ ನಮ್ಮ ಮಾತು ಇನ್ನು ಯಾರೂ ಕೇಳುವುದಿಲ್ಲ, ಮೊದಲು ಹೋಗಿ ಕಣ್ಣಾರೆ ನೋಡು ಎಂದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಸಂಚಿತಾಳಿಗೂ ಬೇಕಾಗಿದ್ದದ್ದು ಅದೇ, ಯಾರಾದರೂ ಸ್ವಲ್ಪ ತಡೆ ಎನ್ನುವುದು. ಹಾಗೆ ತನಗೆ ಸಮಾಧಾನವಾದದ್ದನ್ನು ಗಮನಿಸಿ ಅವಳಿಗೆ ಹೆದರಿಕೆ ಇನ್ನೂ ಹೆಚ್ಚಾಯಿತು.

ಸ್ಕೂಟರಿನಲ್ಲಿ ಅವಳು ಗುಡ್ಡದ ನೆತ್ತಿಗೆ ಬಂದಾಗ ಮೂರು ಗಂಟೆಯ ಹೊತ್ತು. ಬೆಳಕು ಮಾತ್ರ ಮುಸ್ಸಂಜೆಯಷ್ಟೇ ಇತ್ತು. ಅರ್ಧ ಎದ್ದ ಹಾಲ್‌ನ ಕಂಬಗಳ ನಡುವೆ ಯಾರೂ ಇರಲಿಲ್ಲ. ಮಳೆಗಾಲಕ್ಕೆಂದು ಕೆಲಸ ನಿಲ್ಲಿಸಿದ್ದರು. ಸಮತಟ್ಟು ಮಾಡಿದ ಅಂಗಳದ ತುಂಬ ಕೆಂಪು ನೀರು ನಿಂತಿತ್ತು. ಅಂಚಿನ ಕಡೆಗೆ ನಡೆಯುತ್ತ ಅವಳಿಗೆ ಒಂದು ವಿಚಿತ್ರ ಕಂಡಿತು. ನೀರು ಅಂಚಿನಿಂದ ಕೆಳಗೆ ಧುಮುಕುತ್ತಿರಲಿಲ್ಲ. ಅದಕ್ಕೂ ಎಷ್ಟೋ ಹೆಜ್ಜೆ ಮೊದಲೇ, ನೆಲದ ಒಂದು ಗೆರೆಯ ಹತ್ತಿರ ಬಂದು, ಸದ್ದಿಲ್ಲದೆ ಒಳಗೆ ಇಳಿದು ಹೋಗುತ್ತಿತ್ತು.

ಅವಳು ಕುಕ್ಕರುಗಾಲಿನಲ್ಲಿ ಕೂತು ನೋಡಿದಳು. ನೆಲ ಸೀಳಿತ್ತು. ಬಿರುಕು ಮೂರು ನಾಲ್ಕು ಬೆರಳಿನಷ್ಟೇ ಅಗಲ, ಆದರೆ ಅಂಚಿಗೆ ಸಮಾನಾಂತರವಾಗಿ ಬಿಲ್ಲಿನಂತೆ ಬಾಗಿ ಅಂಗಳದ ಈ ತುದಿಯಿಂದ ಆ ತುದಿಗೆ ಹೋಗಿತ್ತು. ಕೈಯಲ್ಲಿದ್ದ ಕೊಡೆಯನ್ನು ಮಡಚಿ ಅದರ ತುದಿಯನ್ನು ಬಿರುಕಿನಲ್ಲಿ ಇಳಿಸಿದಳು. ಎಲ್ಲಿಯಾದರೂ ತಡೆಯುತ್ತದೆ ಎಂದುಕೊಂಡಿದ್ದಳು. ಎಲ್ಲೂ ತಡೆಯಲಿಲ್ಲ. ಕೊಡೆ ಹಿಡಿಯವರೆಗೂ ಇಳಿಯಿತು.

ಕೊಡೆಯನ್ನು ಹೊರಗೆಳೆಯುವಷ್ಟು ಧೈರ್ಯವೂ ಅವಳಿಗೆ ಬರಲಿಲ್ಲ. ತಾನು ಈಗ ಕೂತಿರುವುದು ಬಿರುಕಿನ ಯಾವ ಕಡೆ ಎಂದು ನೋಡಿಕೊಂಡಳು. ಅಂಚಿನ ಕಡೆಯಲ್ಲಿದ್ದಳು. ಅಂಗೈ ಊರಿಕೊಂಡು, ಮಗು ತೆವಳುವ ಹಾಗೆ, ಮೆಲ್ಲಗೆ ಬಿರುಕನ್ನು ದಾಟಿ ಈಚೆ ಬಂದಳು. ಮೇಲೆ ಕೆಂಪು ಮುರಕಲ್ಲು ಗಟ್ಟಿ, ಅದರ ಕೆಳಗೆ ಮೆದುವಾದ ಬಿಳಿ ಶೇಡಿಮಣ್ಣು. ನೀರು ಕುಡಿದ ಶೇಡಿಮಣ್ಣು ಸಾಬೂನಿನಂತಾಗುತ್ತದೆ. ಇದನ್ನು ಅವಳು ಎಷ್ಟೋ ಕಡೆ ಓದಿದ್ದಳು, ಚಿತ್ರ ತೋರಿಸಿ ಭಾಷಣವನ್ನೂ ಮಾಡಿದ್ದಳು. ಈಗ ಅಂಗೈಯ ಕೆಳಗೆ ಅದೇ ನೆಲವಿತ್ತು.

ಕಂಬದ ಮರೆಯಲ್ಲಿ ನಿಂತು ಪ್ರೊಫೆಸರರಿಗೆ ಚಿತ್ರ ಕಳಿಸಿದಳು. ಅಧಿಕಾರಿಗಳಿಗೆ ಹೇಳಿದಳು. ಅವರು ಪಡೀಲಿನ ಕೆಳಸೇತುವೆಯಲ್ಲಿ ನೀರು ತುಂಬಿದೆ, ಬರಲು ಹೊತ್ತಾಗುತ್ತದೆ ಎಂದರು. ಶಾಲೆಯ ಹೆಸರೆತ್ತಿದರೆ ದೇಯಕ್ಕ ಬಾಗಿಲನ್ನೂ ತೆರೆಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ತಂದೆಗೆ ಫೋನ್ ಮಾಡಿ, ಹೋಟೆಲಿನಲ್ಲಿ ನಾಲ್ಕು ಮನೆಯವರಿಗೆ ರೂಮ್ ಬೇಕು ಎಂದಳು.

ತಾರಾನಾಥರು ಕೆಟ್ಟವರೇನಲ್ಲ. ಜೂನಿನಲ್ಲಿ ಮಗುವಿನ ಆಸ್ಪತ್ರೆಯ ಬಿಲ್ಲನ್ನು ಹೆಸರು ಹೇಳದೆ ಕಟ್ಟಿದವರು ಅವರೇ. ಆದರೆ ಈಗ ಅವರ ದನಿ ಗಡಸಾಯಿತು. ಬಿರುಕಿನ ಚಿತ್ರವನ್ನು ಯಾರಿಗೆಲ್ಲ ಕಳಿಸಿದ್ದೀ ಎಂದು ಮೊದಲು ಕೇಳಿದರು.

"ನಾನು ರೂಮ್ ಕೊಟ್ಟರೆ ಗುಡ್ಡ ಹಾಳು ಮಾಡಿದ್ದು ನಾನೇ ಅಂತ ಒಪ್ಪಿಕೊಂಡ ಹಾಗೆ ಆಗ್ತದೆ, ಮಗಾ. ನಾಳೆ ವಕೀಲರ ಹತ್ತಿರ ಕೇಳಿ ಹೇಳ್ತೇನೆ."

"ನಾಳೆ ಅಂದರೆ ಎಂತ ಪಪ್ಪಾ? ನಾಳೆಯವರೆಗೆ ಅದು ನಿಲ್ತದೆ ಅಂತ ಯಾರು ಹೇಳಿದ್ದು?"

ನಾಳೆ ಎಂದು ಅವರು ಮತ್ತೊಮ್ಮೆ ಅಂದರು. ಹೆದರಿಕೊಂಡ ಮನುಷ್ಯ ಹಾಗೆ ಒಂದೇ ಮಾತಿಗೆ ಅಂಟಿಕೊಳ್ಳುತ್ತಾನೆ ಎಂದು ಅವಳಿಗೆ ಅನಿಸಿತು. ಫೋನ್ ಇಟ್ಟು ಅಮ್ಮನಿಗೆ ಮಾಡಿದಳು. ಆಶಾಲತಾ ಎಲ್ಲವನ್ನೂ ಕೇಳಿಸಿಕೊಂಡು, ಸರಿ ಎಂದಷ್ಟೇ ಹೇಳಿದರು. ಯಾವುದಕ್ಕೆ ಸರಿ ಎಂದು ಕೇಳುವ ವ್ಯವಧಾನ ಸಂಚಿತಾಳಿಗಿರಲಿಲ್ಲ. ಆಗಲೇ ಅವಳು ಗುಡ್ಡದ ಪಕ್ಕದ ಮೆಟ್ಟಿಲಿಳಿದು ಕೆಳಗಿನ ಮನೆಗಳ ಕಡೆ ಹೋಗುತ್ತಿದ್ದಳು.

ಮೊದಲಿನ ಮನೆಗೆ ಬೀಗವಿತ್ತು. ಎರಡನೆಯದರಲ್ಲಿದ್ದ ಜಮಾಲುದ್ದೀನ್ ಅವಳ ಮುಖ ನೋಡಿ, ಎರಡು ಮಾತು ಕೇಳಿ, ಹೆಂಡತಿ ಮಕ್ಕಳನ್ನು ಆಟೋದಲ್ಲಿ ಕೂರಿಸಿಕೊಂಡು ಮಾವನ ಮನೆಗೆ ಹೊರಟುಬಿಟ್ಟರು. ಮೂರನೆಯ ಮನೆಯ ಎಸ್ತೆರ್ ಬಾಯಿ ಗೊಣಗುತ್ತಲೇ ಚರ್ಚಿನ ಕಡೆ ನಡೆದರು. ಉಳಿದದ್ದು ಕೊನೆಯ ಮನೆ.

ದೇಯಕ್ಕ ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ರವಿಕೆಗೆ ಕೊಕ್ಕೆ ಹಚ್ಚುತ್ತಿದ್ದರು. ಒಳಕೋಣೆಯಲ್ಲಿ ಮೋಕ್ಷಾ ಮಗುವಿಗೆ ಹಾಲು ಕೊಡುತ್ತಿದ್ದಳು. ಜಯಣ್ಣ ಬೈಕಂಪಾಡಿಯ ವರ್ಕ್‌ಶಾಪಿಗೆ ಹೋದವರು ಇನ್ನೂ ಬಂದಿರಲಿಲ್ಲ. ಸಂಚಿತಾ ಹೊಸ್ತಿಲಲ್ಲೇ ನಿಂತಳು. ಮೈಯಿಂದ ಕೆಂಪು ನೀರು ಇಳಿಯುತ್ತಿತ್ತು.

"ಒಳಗೆ ಬನ್ನಿ" ಎಂದರು ದೇಯಕ್ಕ, ತಲೆಯೆತ್ತದೆ. "ಎಂತ, ಪುನಃ ಶಾಲೆಗೆ ಹೋಗಬೇಕಾ?"

ಸಂಚಿತಾ ಬಿರುಕಿನ ವಿಷಯ ಹೇಳಿದಳು. ಕೊಡೆ ಇಳಿದದ್ದನ್ನೂ ಹೇಳಿದಳು. ಶಾಲೆಗೆ ಬೇಡ, ನಮ್ಮ ಮನೆಗೇ ಬನ್ನಿ ಎಂದಳು. ದೇಯಕ್ಕ ದಾರವನ್ನು ಹಲ್ಲಿನಿಂದ ಕಡಿದು, ರವಿಕೆಯನ್ನು ಮಡಚಿಟ್ಟರು. ಹೋದ ಸಲವೂ ನೀವು ಹೀಗೆಯೇ ಹೇಳಿದಿರಿ, ನಾವೂ ಹೀಗೆಯೇ ಕೇಳಿದೆವು ಎಂದರು. ಇಂಥ ಮಳೆಯಲ್ಲಿ ಆ ಕೂಸನ್ನು ಹೊರಗೆ ಒಯ್ದರೆ ಅದಕ್ಕೆ ಎದೆಯಲ್ಲಿ ಕಫ ಕಟ್ಟುತ್ತದೆ, ಡಾಕ್ಟರರೇ ಹೊರಗೆ ತರಬೇಡಿ ಎಂದಿದ್ದಾರೆ ಎಂದರು. ಮಾತಿನಲ್ಲಿ ಸಿಟ್ಟಿರಲಿಲ್ಲ.

"ಸತ್ಯ ಹೇಳಿ. ಗುಡ್ಡ ಬೀಳ್ತದಾ?"

ಈ ಪ್ರಶ್ನೆಗೆ ಹೌದು ಎಂದುಬಿಟ್ಟರೆ ಕೆಲಸವಾಗುತ್ತಿತ್ತೋ ಏನೋ. ಜೂನಿನಲ್ಲಿ ಹಾಗೆಯೇ ಅಂದಿದ್ದಳು.

"ಗೊತ್ತಿಲ್ಲ ದೇಯಕ್ಕ. ಬೀಳಬಹುದು. ಬೀಳದೆಯೂ ಇರಬಹುದು. ಹೋದ ಸಲವೂ ನನಗೆ ಇಷ್ಟೇ ಗೊತ್ತಿದ್ದದ್ದು. ನಾನು ಎಲ್ಲ ಗೊತ್ತುಂಟು ಅನ್ನುವ ಹಾಗೆ ಮಾತಾಡಿದೆ."

ದೇಯಕ್ಕ ಈಗ ಮೊದಲ ಸಲ ಅವಳ ಮುಖವನ್ನು ದಿಟ್ಟಿಸಿದರು. ಹಾಗಾದರೆ ಜಯಣ್ಣ ಬರುವವರೆಗೆ ಇಲ್ಲೇ ಕೂತಿರಿ, ಅವರು ಬಂದ ಮೇಲೆ ನೋಡುವ ಎಂದರು. ಅಣಕಿಸಿದರೋ ನಿಜವಾಗಿ ಹೇಳಿದರೋ ಸಂಚಿತಾಳಿಗೆ ತಿಳಿಯಲಿಲ್ಲ. ಅವಳು ಒಳಗೆ ಬಂದು ಅಡುಗೆಮನೆಯ ಬಾಗಿಲ ಪಕ್ಕದ ಮಣೆಯ ಮೇಲೆ ಕೂತುಬಿಟ್ಟಳು. ಇವರನ್ನು ಬಿಟ್ಟು ಹೋಗುವ ಶಕ್ತಿ ಅವಳಲ್ಲಿರಲಿಲ್ಲ. ಇಲ್ಲಿ ಇರುವ ಶಕ್ತಿಯೂ ಇರಲಿಲ್ಲ.

ಅಡುಗೆಮನೆಯ ಹಿಂಗೋಡೆಗೂ ಗುಡ್ಡಕ್ಕೂ ನಡುವೆ ಒಬ್ಬ ಮನುಷ್ಯ ಅಡ್ಡಡ್ಡ ನಡೆಯುವಷ್ಟೇ ಜಾಗ. ಅಲ್ಲಿನ ಚರಂಡಿಯಂಥ ಕಣಿಯಲ್ಲಿ, ಗುಡ್ಡದಿಂದ ಒಸರಿ ಬಂದ ನೀರು ಬೆಳಿಗ್ಗೆಯಿಂದ ರಭಸವಾಗಿ ಹರಿಯುತ್ತಿತ್ತು. ಒಲೆಯ ಮೇಲೆ ಗಂಜಿ ಕುದಿಯುತ್ತಿತ್ತು. ಸಂಚಿತಾ ಗೋಡೆಯನ್ನೇ ನೋಡುತ್ತ ಕೂತಳು. ಬಂದರೆ ಇಲ್ಲಿಂದಲೇ ಬರುತ್ತದೆ. ಮೊದಲು ಗೋಡೆ ಒಳಮುಖವಾಗಿ ಉಬ್ಬುತ್ತದೆ. ಉಬ್ಬಿದ್ದು ಕಾಣುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಎಲ್ಲೆಲ್ಲಿಯೋ ನಡೆದ ಜರಿತಗಳ ವಿವರ ಅವಳ ತಲೆಯಲ್ಲಿ ತಾನಾಗಿ ಬಿಚ್ಚಿಕೊಳ್ಳತೊಡಗಿತು. ಮಲಗಿದ್ದವರು, ಉಣ್ಣುತ್ತಿದ್ದವರು, ಮಗುವಿನ ಮೇಲೆ ಬಗ್ಗಿಕೊಂಡಿದ್ದವರು. ಪ್ರಬಂಧಗಳಲ್ಲಿ ಅವರೆಲ್ಲ ಒಂದು ಸಂಖ್ಯೆ. ಈಗ ಒಳಕೋಣೆಯಲ್ಲಿ ಮೋಕ್ಷಾ ಮಗುವಿಗೆ ಏನೋ ಪಿಸುಗುಡುತ್ತಿದ್ದಳು. ಆ ದನಿ ಕೇಳದ ಹಾಗೆ ಕಿವಿ ಮುಚ್ಚಿಕೊಳ್ಳೋಣ ಎನಿಸಿತು.

ಇದ್ದಕ್ಕಿದ್ದ ಹಾಗೆ ಏನೋ ಬದಲಾಯಿತು. ಏನೆಂದು ಮೊದಲು ಹೊಳೆಯಲಿಲ್ಲ. ಮಳೆ ಹಾಗೆಯೇ ಬಡಿಯುತ್ತಿತ್ತು, ಗಂಜಿ ಕುದಿಯುತ್ತಿತ್ತು. ಕಣಿಯ ಸದ್ದು ನಿಂತಿತ್ತು.

ಅವಳು ಹಿಂಬಾಗಿಲು ಸರಿಸಿ ನೋಡಿದಳು. ಅಷ್ಟು ಹೊತ್ತು ತುಂಬಿ ಹರಿಯುತ್ತಿದ್ದ ಕಣಿಯಲ್ಲಿ ಕೆಸರು ಮಾತ್ರ ಉಳಿದಿತ್ತು. ಒಸರುವ ನೀರು ಮಳೆಯ ನಡುವೆಯೇ ನಿಂತಿತೆಂದರೆ ಒಳಗೆ ಮಣ್ಣು ಸರಿದು ಅದರ ದಾರಿ ಮುಚ್ಚಿದೆ, ಆ ನೀರೆಲ್ಲ ಈಗ ಗುಡ್ಡದ ಹೊಟ್ಟೆಯಲ್ಲೇ ಕೂಡಿಕೊಳ್ಳುತ್ತಿದೆ. ಅವಳು ತಿರುಗಿ ಇದನ್ನು ಹೇಳಲು ಹೋದಳು. ಬಾಯಿ ಒಣಗಿ ಮಾತು ಹೊರಡಲಿಲ್ಲ. ಬಾಗಿಲ ಚೌಕಟ್ಟನ್ನು ಹಿಡಿದ ಕೈ ಅವಳ ಹತೋಟಿಯಲ್ಲಿರಲಿಲ್ಲ.

ದೇಯಕ್ಕ ಎದ್ದು ಬಂದು ಕಣಿಯನ್ನು ನೋಡಲಿಲ್ಲ. ಅವಳ ಕೈಯನ್ನೇ ನೋಡಿದರು. ಆ ಕೈಯನ್ನು ಹಿಡಿದುಕೊಂಡರು.

"ನೀನು ಹೆದರಿದ್ದೀ" ಎಂದರು. ಅಷ್ಟು ದಿನ ಅವರು ಅವಳನ್ನು ನೀನು ಎಂದವರಲ್ಲ. "ಹೋದ ಸಲ ನೀನು ಹೆದರಿರಲಿಲ್ಲ."

ಮರುಗಳಿಗೆಯೇ ಒಳಕೋಣೆಯ ಕಡೆ ತಿರುಗಿ, "ಮೋಕ್ಷಾ, ಕೂಸನ್ನು ಎತ್ತಿಕೋ, ಬಾ" ಎಂದರು.

ಮುಂದಿನದೆಲ್ಲ ಸಂಚಿತಾಳಿಗೆ ತುಂಡು ತುಂಡಾಗಿ ನೆನಪಿದೆ. ಮೋಕ್ಷಾ ಮಗುವನ್ನು ಹಳೆಯ ಶಾಲಿನಲ್ಲಿ ಸುತ್ತಿ ಎದೆಗವಚಿಕೊಂಡಳು. ಹೊಸ್ತಿಲು ದಾಟಿದ ದೇಯಕ್ಕ ಗ್ಯಾಸ್ ಆರಿಸಲಿಲ್ಲ ಎಂದು ಮತ್ತೆ ಒಳಗೆ ಓಡಿದರು. ಆರಿಸಿದ್ದಷ್ಟೇ ಅಲ್ಲ, ವರ್ಷಗಟ್ಟಲೆಯ ಅಭ್ಯಾಸದಂತೆ ಬಟ್ಟೆ ಹಿಡಿದು ಗಂಜಿಯ ಪಾತ್ರೆಯನ್ನು ಕೆಳಗಿಟ್ಟು, ಮೇಲೊಂದು ತಟ್ಟೆಯನ್ನೂ ಮುಚ್ಚಿದರು. ಸಂಚಿತಾ ಅವರ ತೋಳು ಹಿಡಿದು ಎಳೆದಳು. ಓಣಿಯ ಕೆಸರಿನಲ್ಲಿ ಅವಳ ಚಪ್ಪಲಿ ಕಿತ್ತುಹೋಯಿತು. ಮೋಕ್ಷಾ ಜಾರಬಾರದು ಎಂದು ಅತ್ತೆ ಒಂದು ಕಡೆಯಿಂದ, ಇವಳು ಒಂದು ಕಡೆಯಿಂದ ಹಿಡಿದುಕೊಂಡರು. ಓಡಬೇಕೆಂದು ಜೀವ ಹೇಳುತ್ತಿತ್ತು, ಓಡಿದರೆ ಬಿದ್ದೇವೆಂಬ ಭಯ ಕಾಲನ್ನು ಹಿಡಿದಿತ್ತು. ಬೆನ್ನ ಹಿಂದೆ ಏನಿದೆ ಎಂದು ಮೂವರಲ್ಲಿ ಒಬ್ಬರೂ ತಿರುಗಲಿಲ್ಲ.

ಓಣಿ ಡಾಂಬರು ರಸ್ತೆಗೆ ಸೇರುವಲ್ಲಿ ಆಶಾಲತಾ ಕಾರಿನ ಬಾಗಿಲು ತೆರೆದು, ಸೆರಗಿಗೆ ಮಳೆ ಹೊಡೆಯುತ್ತಿದ್ದರೂ ಲೆಕ್ಕಿಸದೆ ನಿಂತಿದ್ದರು. ಮೋಕ್ಷಾ ಮಗುವಿನ ಜೊತೆ ಒಳಗೆ ಕೂತಳು. ಆಗ ಸದ್ದು ಬಂತು. ಗುಡುಗಿನಂಥದ್ದಲ್ಲ. ಲಾರಿಯಿಂದ ಮುರಕಲ್ಲು ಸುರುವಿದ ಹಾಗೆ, ಸುರುವುತ್ತಲೇ ಇದ್ದ ಹಾಗೆ. ಸಂಚಿತಾ ತಿರುಗಿದಳು. ಇಳಿಜಾರಿನಲ್ಲಿದ್ದ ಒಂದು ತೆಂಗಿನ ಮರ ಬೀಳದೆ, ನಿಂತ ಭಂಗಿಯಲ್ಲೇ, ನಡೆದು ಬರುವವರಂತೆ ಕೆಳಗೆ ಜಾರುತ್ತಿತ್ತು. ಅದು ದೇಯಕ್ಕನ ಅಡುಗೆಮನೆಯ ಹಂಚಿನ ಮಾಡಿನ ಹಿಂದೆ ಮರೆಯಾಯಿತು. ಮರುಕ್ಷಣ ಮಾಡೂ ಇರಲಿಲ್ಲ.

ಕೆಂಪು ಕೆಸರು ಓಣಿಯುದ್ದಕ್ಕೂ ಬಂದು, ಅವರಿಂದ ಒಂದಷ್ಟು ದೂರದಲ್ಲಿ ನಿಂತಿತು. ದೇಯಕ್ಕ ಎರಡೂ ಕೈ ತಲೆಯ ಮೇಲಿಟ್ಟುಕೊಂಡು ಮನೆಯಿದ್ದ ಕಡೆಯನ್ನೇ ನೋಡುತ್ತಿದ್ದರು. ಕಾರಿನೊಳಗೆ ಮಗು ಅಳತೊಡಗಿತು. ಸಣ್ಣ, ಬೆಕ್ಕಿನ ಮರಿಯಂಥ ದನಿ. ಆ ದನಿ ಕೇಳಿದ ಮೇಲೆಯೇ ಸಂಚಿತಾ ರಸ್ತೆಯ ಮೇಲೆ ಕೂತದ್ದು.

ಸ್ವಲ್ಪ ಹೊತ್ತಿಗೆ ತಾರಾನಾಥರು ಬಂದರು. ಕೊಡೆಯಿಲ್ಲದೆ, ಹೋಟೆಲಿನ ಕೌಂಟರಿನಿಂದ ಹಾಗೆಯೇ ಎದ್ದು ಬಂದಿದ್ದರು. ಎಲ್ಲರೂ ಹೊರಗಿದ್ದಾರಾ ಎಂದು ಕೇಳಿ, ಹೌದು ಎಂದ ಮೇಲೂ ಮತ್ತೆ ಮತ್ತೆ ಅದನ್ನೇ ಕೇಳಿದರು. ಮಗಳ ಹತ್ತಿರ ಬಂದು ಎಬ್ಬಿಸಲು ಕೈ ಚಾಚಿದರು. ಅವಳು ತಾನಾಗಿಯೇ ಎದ್ದಳು. ಕತ್ತಲಾಗುವ ಮೊದಲು ಜಯಣ್ಣನೂ ಬಂದು ಸೇರಿದರು. ಆ ದಿನ ಎಲ್ಲರಿಗೂ ರೂಮ್ ಸಿಕ್ಕಿತು, ವಕೀಲರನ್ನು ಯಾರೂ ಕೇಳಲಿಲ್ಲ.

ಆಮೇಲೆ ತನಿಖೆಯಾಯಿತು. ಬಿರುಕಿನ ಚಿತ್ರ, ಕಡಿದ ಮರಗಳು, ಸಮತಟ್ಟು ಮಾಡಿದ ಅಂಗಳದಲ್ಲಿ ನಿಂತು ಒಳಗಿಳಿದ ನೀರು, ಎಲ್ಲವನ್ನೂ ಸಂಚಿತಾ ಇದ್ದ ಹಾಗೆ ಬರೆದುಕೊಟ್ಟಳು. ತಂದೆ ಅದನ್ನು ಓದಿ, ತಮ್ಮ ಹೆಸರಿರುವ ಸಾಲಿನ ಮೇಲೆ ಬೆರಳಿಟ್ಟು ನೋಡಿ, ಕಾಗದವನ್ನು ಹಿಂದಕ್ಕೆ ಕೊಟ್ಟರು. ತಿದ್ದಲು ಹೇಳಲಿಲ್ಲ. ಹಾಲ್‌ನ ಕೆಲಸ ನಿಂತೇ ಹೋಯಿತು. ಮನೆಯಲ್ಲಿ ತಂದೆ ಮಗಳ ನಡುವೆ ಮಾತು ಕಡಿಮೆಯಾಯಿತು. ಪ್ರೊಫೆಸರ್ ಗ್ಲ್ಯಾಡಿಸ್ ಈ ಪ್ರಕರಣವನ್ನು ಒಂದು ಪ್ರಬಂಧವಾಗಿ ಬರೆಯೋಣ ಎಂದಾಗ ಅವಳು ಒಪ್ಪಿ, ಕಂಪ್ಯೂಟರ್ ತೆರೆದು ಕೂತು, ದೇಯಕ್ಕ ಯಾಕೆ ಎದ್ದರು ಎಂಬಲ್ಲಿಗೆ ಬಂದು ನಿಲ್ಲಿಸಿದಳು. ಭಯವನ್ನು ಯಾವ ಅಂಕಣದಲ್ಲಿ ತುಂಬುವುದೆಂದು ಅವಳಿಗೆ ಗೊತ್ತಾಗಲಿಲ್ಲ.

ಜಯಣ್ಣನ ಕುಟುಂಬ ತೊಕ್ಕೊಟ್ಟಿನಲ್ಲಿ ಒಂದು ಬಾಡಿಗೆ ಮನೆ ಹಿಡಿಯಿತು. ಸೆಪ್ಟೆಂಬರಿನ ಒಂದು ಸಂಜೆ ಸಂಚಿತಾ ಅಲ್ಲಿಗೆ ಹೋದಳು. ಪೇಟೆಯ ಸಮೀಪ, ಸಪಾಟು ನೆಲದ ಮೇಲೆ, ಸುತ್ತ ಎಲ್ಲಿಯೂ ಗುಡ್ಡದ ನೆರಳಿಲ್ಲದ ಮನೆ. ದೇಯಕ್ಕ ಚಹಾ ಕೊಟ್ಟರು. ಮಗು ಕೆನ್ನೆ ತುಂಬಿಕೊಂಡು ಚಾಪೆಯ ಮೇಲೆ ಕೈಕಾಲು ಬಡಿಯುತ್ತಿತ್ತು. ಇಲ್ಲಿ ಆರಾಮವಾ ಎಂದು ಸಂಚಿತಾ ಕೇಳಿದಳು. ಎಲ್ಲ ಉಂಟು, ನಿದ್ದೆ ಒಂದಿಲ್ಲ ಎಂದರು ದೇಯಕ್ಕ. ಮಳೆ ಬಂದರೆ ಎದ್ದು ಹೋಗಿ ಹಿಂದಿನ ಗೋಡೆಗೆ ಕೈಯಿಟ್ಟು ನೋಡುತ್ತೇನೆ, ಹಿಂದೆ ಗುಡ್ಡ ಇಲ್ಲ ಅಂತ ಗೊತ್ತಿದ್ದರೂ ನೋಡುತ್ತೇನೆ ಎಂದರು. ನಾನೂ ಅಷ್ಟೆ ಎಂದಳು ಸಂಚಿತಾ.

ಹೊರಗೆ ಹನಿ ಬೀಳಲು ಶುರುವಾಯಿತು. ಇಬ್ಬರೂ ಹಿಂದಿನ ಗೋಡೆಯ ಕಡೆ ತಿರುಗಿದರು. ಮಳೆ ಜೋರಾಗುತ್ತಿದ್ದಂತೆ ದೇಯಕ್ಕ ಬಗ್ಗಿ ಮಗುವನ್ನು ಎತ್ತಿ, ಒಂದು ಗಳಿಗೆ ಎದೆಗೆ ಹಿಡಿದುಕೊಂಡು, ಆಮೇಲೆ ಸಂಚಿತಾಳ ಮಡಿಲಲ್ಲಿ ಮಲಗಿಸಿದರು.

"ಸ್ವಲ್ಪ ಹೊತ್ತು ಹಿಡಿದುಕೋ. ನಾನು ಹಿಂದೆ ನೋಡಿ ಬರ್ತೇನೆ."